ಆರು ಅಕ್ಷರ, ಮುಗಿಯದ ಜೀವ: ಚೀಟ್ ಕೋಡ್ ಹಂಚಿದರೆ ಅಪರಾಧವೇ?

ಎಸ್, ಎಕ್ಸ್, ಐ, ಓ, ಪಿ, ಓ. ಕೂಡಿಸಿ ಓದಿದರೆ ಯಾವ ಅರ್ಥವೂ ಹೊರಡುವುದಿಲ್ಲ. ಆದರೆ ಗೇಮ್ ಜೀನಿ ಎಂಬ ಪುಟ್ಟ ಸಾಧನಕ್ಕೆ ಈ ಆರು ಅಕ್ಷರ ಉಣಿಸಿ ನಿಂಟೆಂಡೊದ ‘ಸೂಪರ್ ಮಾರಿಯೊ ಬ್ರದರ್ಸ್’ ಆಟ ಶುರು ಮಾಡಿದರೆ ಮಾರಿಯೊಗೆ ಜೀವ ಮುಗಿಯುವುದೇ ಇಲ್ಲ. ಹಳ್ಳಕ್ಕೆ ಬೀಳಲಿ, ಆಮೆಗೆ ಡಿಕ್ಕಿ ಹೊಡೆಯಲಿ, ಮತ್ತೆ ಎದ್ದು ಓಡುತ್ತಾನೆ.

ಇದರ ಹಿಂದಿನ ಕೆಲಸ ಸರಳ. ಆಟದ ಕ್ಯಾಸೆಟ್ಟಿನೊಳಗೆ ಸಾವಿರಾರು ಸಂಖ್ಯೆಗಳು ಸಾಲಾಗಿ ಕೂತಿರುತ್ತವೆ, ಪ್ರತಿಯೊಂದಕ್ಕೂ ಒಂದು ವಿಳಾಸ. ಯಂತ್ರ ವಿಳಾಸ ಹೇಳಿ ಕೇಳುತ್ತದೆ, ಕ್ಯಾಸೆಟ್ ಅಲ್ಲಿರುವ ಸಂಖ್ಯೆ ಕೊಡುತ್ತದೆ, ಯಂತ್ರ ಅದನ್ನು ಆಜ್ಞೆಯೆಂದು ಪಾಲಿಸುತ್ತದೆ. ಗೇಮ್ ಜೀನಿ ಕೂರುವುದು ಇವೆರಡರ ನಡುವೆ. ಆ ಆರು ಅಕ್ಷರಗಳನ್ನು ಬಿಡಿಸಿದರೆ ಸಿಗುವುದು ಒಂದು ವಿಳಾಸ ಮತ್ತು ಒಂದು ಹೊಸ ಸಂಖ್ಯೆ, ಅಷ್ಟೆ. ಮಾರಿಯೊ ಸತ್ತಾಗ ಆ ವಿಳಾಸದಲ್ಲಿರುವ ಮೂಲ ಆಜ್ಞೆ ‘ಉಳಿದ ಜೀವಗಳಲ್ಲಿ ಒಂದನ್ನು ಕಳೆ’ ಎನ್ನುತ್ತದೆ. ಜೀನಿ ಆ ಜಾಗಕ್ಕೆ ತೂರಿಸುವ ಸಂಖ್ಯೆಯ ಅರ್ಥ ‘ಉಳಿದ ಜೀವಗಳ ಲೆಕ್ಕ ಓದಿಕೋ’. ಯಂತ್ರ ಓದುತ್ತದೆ, ಕಳೆಯುವುದಿಲ್ಲ. ಕ್ಯಾಸೆಟ್ಟಿನಲ್ಲಿ ಮಾತ್ರ ಏನೂ ಬದಲಾಗಿರುವುದಿಲ್ಲ. ಜೀನಿಯನ್ನು ಕಿತ್ತು ಮತ್ತೆ ಆಡಿದರೆ ಮಾರಿಯೊ ಎಂದಿನಂತೆ ಮೂರು ಜೀವದವನು.

ನಾನು ಹುಬ್ಬಳ್ಳಿಯಲ್ಲಿ ವಕೀಲಿ ಮಾಡುವವಳು. ಟ್ರೇಡ್‌ಮಾರ್ಕ್, ಪುಸ್ತಕದ ಹಕ್ಕು, ಜನಪದ ಹಾಡಿನ ರೆಕಾರ್ಡಿಂಗ್ ಇಂಥ ವ್ಯಾಜ್ಯಗಳೇ ನನ್ನ ಮೇಜಿಗೆ ಹೆಚ್ಚು ಬರುತ್ತಿದ್ದವು. ಈಚಿನ ವರ್ಷಗಳಲ್ಲಿ ಮಕ್ಕಳನ್ನು ಕರೆದುಕೊಂಡು ಬರುವ ತಂದೆತಾಯಿಗಳೂ ಇದ್ದಾರೆ. ಹುಡುಗ ಮೊಬೈಲ್ ಆಟದ ಕೋಡುಗಳನ್ನು ಗ್ರೂಪಿನಲ್ಲಿ ಹಾಕಿದ್ದಾನೆ, ಆಟದ ವಿಡಿಯೊ ಮಾಡಿದ್ದಾನೆ, ‘ಕಾಪಿರೈಟ್ ಉಲ್ಲಂಘನೆ’ ಎಂಬ ಮಿಂಚಂಚೆ ಬಂದಿದೆ, ಮನೆಯವರಿಗೆ ನಿದ್ದೆಯಿಲ್ಲ. ಚೀಟ್ ಹಂಚಿದರೆ ಜೈಲಾಗುತ್ತದೆಯೇ ಎಂದು ಅವರು ಕೇಳಿದಾಗ ನಾನು ಮೊದಲು ಹೇಳುವುದು ಮಾರಿಯೊನ ಈ ಆರು ಅಕ್ಷರದ ಕಥೆ. ಅದರಲ್ಲಿ ಕಾನೂನಿನ ಮುಕ್ಕಾಲು ಪಾಲು ಅಡಗಿದೆ.

ಗೇಮ್ ಜೀನಿಯನ್ನು ರೂಪಿಸಿದ್ದು ಇಂಗ್ಲೆಂಡಿನ ಕೋಡ್‌ಮಾಸ್ಟರ್ಸ್. ಅಮೆರಿಕದಲ್ಲಿ ಮಾರಲು ಹೊರಟದ್ದು ಕ್ಯಾಲಿಫೋರ್ನಿಯಾದ ಲೂಯಿಸ್ ಗಲೂಬ್ ಎಂಬ ಆಟಿಕೆ ಕಂಪನಿ. ನಿಂಟೆಂಡೊ ಸುಮ್ಮನಿರುವುದಿಲ್ಲ ಎಂದು ಗೊತ್ತಿದ್ದ ಗಲೂಬ್ 1990ರಲ್ಲಿ ತಾನೇ ಮೊದಲು ಕೋರ್ಟಿಗೆ ಹೋಗಿ, ನಮ್ಮ ಸಾಧನ ಯಾರ ಕೃತಿಸ್ವಾಮ್ಯವನ್ನೂ ಮುರಿಯುವುದಿಲ್ಲವೆಂದು ಘೋಷಿಸಿ ಎಂದು ಕೇಳಿತು. ನಿಂಟೆಂಡೊ ತಡೆಯಾಜ್ಞೆ ಕೋರಿತು, ಅದು ಸಿಕ್ಕಿಯೂ ಬಿಟ್ಟಿತು. ಆ ವರ್ಷದ ಕ್ರಿಸ್‌ಮಸ್ ಮಾರಾಟದ ಹೊತ್ತಿಗೆ ಗೇಮ್ ಜೀನಿ ಅಮೆರಿಕದ ಅಂಗಡಿಗಳಲ್ಲಿ ಇರಲಿಲ್ಲ.

ನಿಂಟೆಂಡೊದ ವಾದ ಹೀಗಿತ್ತು: ಒಂದು ಕೃತಿಯಿಂದ ಹುಟ್ಟುವ ರೂಪಾಂತರದ ಹಕ್ಕೂ ಮೂಲ ಕರ್ತೃವಿಗೇ ಸೇರಿದ್ದು. ಕಾದಂಬರಿಯನ್ನು ಸಿನಿಮಾ ಮಾಡಬೇಕಾದರೆ ಕಾದಂಬರಿಕಾರನ ಒಪ್ಪಿಗೆ ಬೇಕು. ಜೀನಿ ಹಾಕಿ ಆಡಿದ ಮಾರಿಯೊ ನಮ್ಮ ಮಾರಿಯೊ ಅಲ್ಲ, ಅದೊಂದು ರೂಪಾಂತರ. ಅದಕ್ಕೆ ನಮ್ಮ ಒಪ್ಪಿಗೆ ಇಲ್ಲ. ಮೊದಲ ಕೇಳ್ವಿಗೆ ಈ ವಾದ ಗಟ್ಟಿಯಾಗಿಯೇ ಕೇಳಿಸುತ್ತದೆ.

ಸ್ಯಾನ್ ಫ್ರಾನ್ಸಿಸ್ಕೊದ ನ್ಯಾಯಾಧೀಶೆ ಫರ್ನ್ ಸ್ಮಿತ್ 1991ರಲ್ಲಿ ವಿಚಾರಣೆ ಮುಗಿಸಿ ಈ ವಾದವನ್ನು ತಳ್ಳಿಹಾಕಿದರು. ಹಣ ಕೊಟ್ಟು ಆಟ ಕೊಂಡವನು ಮನೆಯಲ್ಲಿ ಕೂತು ಅದನ್ನು ತನಗೆ ಬೇಕಾದ ಹಾಗೆ ಆಡಿ ನೋಡಬಹುದು, ಅದರಿಂದ ಹೊಸ ಕೃತಿಯೇನೂ ಹುಟ್ಟುವುದಿಲ್ಲ ಎಂಬುದು ಅವರ ತೀರ್ಪಿನ ಸಾರ. ಮರುವರ್ಷ ಮೇ ತಿಂಗಳಲ್ಲಿ ಒಂಬತ್ತನೇ ಸರ್ಕ್ಯೂಟಿನ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ತೀರ್ಪು ಬರೆದ ನ್ಯಾಯಮೂರ್ತಿ ಜೆರೋಮ್ ಫಾರಿಸ್ ಕೆಲಿಡೋಸ್ಕೋಪಿನ ಉದಾಹರಣೆ ಕೊಟ್ಟರು. ನಮ್ಮಲ್ಲಿ ಮಕ್ಕಳು ಗಾಜಿನ ಪಟ್ಟಿ ಜೋಡಿಸಿ ಬಳೆಚೂರು ಹಾಕಿ ಮಾಡುವ ಅದೇ ಕೊಳವೆ. ಅದರ ಮೂಲಕ ಒಬ್ಬ ಕಲಾವಿದನ ಚಿತ್ರವನ್ನು ನೋಡಿದರೆ ಚಿತ್ರ ಹೊಸದಾಗಿ ಕಾಣುತ್ತದೆ ನಿಜ, ಆದರೆ ಕೊಳವೆ ಮಾಡಿದವನು ಆ ಚಿತ್ರವನ್ನು ಕದ್ದ ಹಾಗಾಗುವುದಿಲ್ಲ. ಗೇಮ್ ಜೀನಿಯಲ್ಲಿ ಮಾರಿಯೊನ ಚಿತ್ರವಿಲ್ಲ, ಸಂಗೀತವಿಲ್ಲ, ಆಟದ ಒಂದು ತುಣುಕೂ ಇಲ್ಲ. ಕ್ಯಾಸೆಟ್ ಇಲ್ಲದೆ ಅದು ಏನನ್ನೂ ತೋರಿಸಲಾರದು.

ಇಲ್ಲಿಗೆ ಮುಗಿಯಲಿಲ್ಲ. ತಡೆಯಾಜ್ಞೆ ಪಡೆಯುವಾಗ ನಿಂಟೆಂಡೊ ಒಂದೂವರೆ ಕೋಟಿ ಡಾಲರಿನ ಬಾಂಡ್ ಇಟ್ಟಿತ್ತು. ಒಂದು ವರ್ಷ ಮಾರಾಟ ನಿಲ್ಲಿಸಿದ್ದಕ್ಕೆ ಪರಿಹಾರವಾಗಿ ಅಷ್ಟೂ ಹಣ ಗಲೂಬ್‌ಗೆ ಹೋಗಬೇಕೆಂದು ಕೋರ್ಟು ಹೇಳಿತು, 1994ರಲ್ಲಿ ಮೇಲ್ಮನವಿಯಲ್ಲೂ ಅದೇ ಉಳಿಯಿತು. ಕಾಪಿರೈಟ್ ಹೆಸರಿನಲ್ಲಿ ಅವಸರದ ತಡೆಯಾಜ್ಞೆ ತರಲು ಬರುವ ಕಕ್ಷಿದಾರರಿಗೆ ನಾನು ಈ ಮೊತ್ತವನ್ನು ತಪ್ಪದೆ ನೆನಪಿಸುತ್ತೇನೆ.

ಈ ತೀರ್ಪು ನನಗೆ ಹಿಡಿಸುವುದು ಅದು ನಿಂತ ನೆಲದಿಂದಾಗಿ. ನ್ಯಾಯಾಲಯ ಕಂಪನಿಗಳ ಲಾಭನಷ್ಟವನ್ನಷ್ಟೇ ನೋಡಲಿಲ್ಲ, ಟಿವಿ ಮುಂದೆ ಕೂತ ಆಟಗಾರನನ್ನೂ ನೋಡಿತು. ಆಟ ಕೊಂಡಾಗಿದೆ, ಬೆಲೆ ಸಂದಾಯವಾಗಿದೆ. ನೀನು ಇಂತಿಷ್ಟೇ ಸಲ ಸಾಯಬೇಕು ಎಂದು ಹೇಳುವ ಹಕ್ಕು ಅದರ ಮೇಲೂ ಕಂಪನಿಗೆ ಉಳಿದಿದೆಯೇ? ಇಲ್ಲ ಎಂದಿತು ಕೋರ್ಟು. ಕೃತಿಸ್ವಾಮ್ಯ ಕಾಯುವುದು ಕೃತಿಯನ್ನು, ಅದನ್ನು ಹೇಗೆ ಅನುಭವಿಸಬೇಕೆಂಬ ಕರ್ತೃವಿನ ಇಚ್ಛೆಯನ್ನಲ್ಲ. ಈ ಒಂದು ಮಾತನ್ನು ನಾನು ಪೂರ್ತಿ ನಂಬಿದ್ದೇನೆ.

ತಯಾರಕರೇ ಆಟದೊಳಗೆ ಇಟ್ಟ ಕೋಡುಗಳ ವಿಷಯದಲ್ಲಂತೂ ಹೆದರುವ ಕಾರಣವೇ ಇಲ್ಲ. ‘ಕಾಂಟ್ರಾ’ ಆಡಿದ ಯಾರಿಗಾದರೂ ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಗೊತ್ತಿರುತ್ತದೆ. ಮೂವತ್ತು ಜೀವ ಸಿಗುತ್ತಿತ್ತು. ಕೊನಾಮಿ ಕಂಪನಿಯ ಕಜುಹಿಸಾ ಹಶಿಮೊಟೊ ‘ಗ್ರೇಡಿಯಸ್’ ಆಟವನ್ನು ಮನೆ ಯಂತ್ರಕ್ಕೆ ಇಳಿಸುವಾಗ, ಪರೀಕ್ಷಿಸಲು ಆಟ ತೀರಾ ಕಷ್ಟವಾಯಿತೆಂದು ಸೇರಿಸಿಕೊಂಡ ಕೋಡ್ ಅದು. ನಾನು ಧಾರವಾಡದಲ್ಲಿ ಕಾನೂನು ಓದುತ್ತಿದ್ದಾಗ ನನ್ನ ತಮ್ಮ ಸೈಬರ್ ಕೆಫೆಯಲ್ಲಿ ‘ವೈಸ್ ಸಿಟಿ’ ಆಡುತ್ತಿದ್ದ. ಟ್ಯಾಂಕ್ ಬೇಕಾದರೆ ‘ಪ್ಯಾಂಜರ್’, ಪೊಲೀಸರು ಬೆನ್ನು ಬಿಡಬೇಕಾದರೆ ‘ಲೀವ್ ಮಿ ಅಲೋನ್’, ಗಾಯ ಮಾಯಬೇಕಾದರೆ ‘ಆಸ್ಪಿರಿನ್’. ಇವನ್ನು ಬರೆದ ಹಾಳೆಗಳು ಕೀಬೋರ್ಡಿನ ಕೆಳಗೆ ಕೈಯಿಂದ ಕೈಗೆ ಓಡಾಡುತ್ತಿದ್ದವು. ಕಾಯಿದೆಯ ಕಣ್ಣಿನಲ್ಲಿ ಆ ಹಾಳೆಯಲ್ಲಿ ಯಾವ ತಪ್ಪೂ ಇಲ್ಲ. ತಪ್ಪಿದ್ದರೆ ಅದು ಎಷ್ಟೋ ಕಡೆ ಕಂಪ್ಯೂಟರಿನೊಳಗಿದ್ದ ನಕಲಿ ಸೀಡಿಯಲ್ಲಿ, ಹಾಗೆಯೇ ತೊಂಬತ್ತರ ದಶಕದಲ್ಲಿ ಮನೆಮನೆಗೆ ಬಂದ, ನೂರಾರು ಆಟ ತುಂಬಿದ ಅಗ್ಗದ ಕ್ಯಾಸೆಟ್ಟುಗಳಲ್ಲಿ. ಜನ ಅಂಜುವುದು ಕೋಡಿಗೆ, ಕಾನೂನು ಹಿಡಿಯುವುದು ನಕಲನ್ನು.

ನಮ್ಮ ದೇಶದ ಕಾನೂನಿನಲ್ಲೂ ಇದರ ಬೇರು ಆಳವಾಗಿದೆ. 1978ರಲ್ಲಿ ಸುಪ್ರೀಂ ಕೋರ್ಟು ಆರ್.ಜಿ. ಆನಂದ್ ಪ್ರಕರಣದಲ್ಲಿ, ಒಂದು ನಾಟಕಕ್ಕೂ ‘ನ್ಯೂ ಡೆಲ್ಲಿ’ ಸಿನಿಮಾಕ್ಕೂ ಇದ್ದ ಹೋಲಿಕೆಯನ್ನು ಪರಿಶೀಲಿಸುತ್ತ, ವಿಚಾರಕ್ಕೆ, ವಸ್ತುವಿಗೆ, ಸಂಗತಿಗೆ ಕೃತಿಸ್ವಾಮ್ಯ ಇಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಎಂದಿತು. ಇಂಥ ವಿಳಾಸದಲ್ಲಿ ಇಂಥ ಸಂಖ್ಯೆ ಇಟ್ಟರೆ ಜೀವ ಮುಗಿಯುವುದಿಲ್ಲ ಎಂಬುದು ಒಂದು ಸಂಗತಿ. ಅದನ್ನು ಕಂಡುಹಿಡಿದವನೂ ಹೇಳಬಹುದು, ಕೇಳಿ ತಿಳಿದವನೂ ಹೇಳಬಹುದು. ಆದರೆ ಇನ್ನೊಬ್ಬರು ಕೂತು ಬರೆದ ಆಟದ ಮಾರ್ಗದರ್ಶಿಯನ್ನು, ಅವರ ವಾಕ್ಯಗಳನ್ನು, ಹಾಗೆಯೇ ಎತ್ತಿ ತಮ್ಮ ಹೆಸರಿನಲ್ಲಿ ಹಾಕಿಕೊಳ್ಳುವಂತಿಲ್ಲ. 2007ರ ಈಸ್ಟರ್ನ್ ಬುಕ್ ಕಂಪನಿ ತೀರ್ಪು ವಕೀಲರಿಗೆಲ್ಲ ಗೊತ್ತು: ನ್ಯಾಯಾಲಯದ ತೀರ್ಪಿನ ಪಠ್ಯವನ್ನು ಯಾರು ಬೇಕಾದರೂ ಮುದ್ರಿಸಬಹುದು, ಸಂಪಾದಕರು ತಮ್ಮ ಬುದ್ಧಿ ಖರ್ಚು ಮಾಡಿ ಬರೆದ ಟಿಪ್ಪಣಿಯನ್ನು ಕದಿಯುವಂತಿಲ್ಲ. ಚೀಟ್ ಪಟ್ಟಿಗೂ ಇದೇ ನಿಯಮ. ಕೋಡು ಎಲ್ಲರದು, ವಿವರಣೆ ಬರೆದವರದು.

ಗೆರೆ ದಾಟುವುದು ಎಲ್ಲಿ ಎಂಬುದಕ್ಕೆ ಎರಡು ಹಳೆಯ ಪ್ರಕರಣಗಳನ್ನು ನೋಡಬೇಕು. 1983ರಲ್ಲಿ ಆರ್ಟಿಕ್ ಎಂಬ ಕಂಪನಿ ‘ಗ್ಯಾಲಾಕ್ಸಿಯನ್’ ಆಟದ ವೇಗ ಹೆಚ್ಚಿಸುವ ಸರ್ಕ್ಯೂಟ್ ಮಾರಿ ಸೋತಿತು. ಅದು ಸಾರ್ವಜನಿಕ ಆಟದಂಗಡಿಗಳ ಯಂತ್ರಕ್ಕೆ ಹಾಕುವ ವಸ್ತು. ಆಟ ಬೇಗ ಮುಗಿದಷ್ಟೂ ಅಂಗಡಿಯವನಿಗೆ ನಾಣ್ಯ ಹೆಚ್ಚು. ಗಲೂಬ್ ತೀರ್ಪು ಬರೆದವರು ಈ ಪ್ರಕರಣವನ್ನು ಬೇರೆಯಾಗಿ ಇಟ್ಟರು: ಆರ್ಟಿಕ್‌ನ ಚಿಪ್ಪು ಮೂಲ ಆಟದ ಭಾಗವನ್ನೇ ತನ್ನೊಳಗೆ ಇಟ್ಟುಕೊಂಡಿತ್ತು, ಜೀನಿಯಲ್ಲಿ ಹಾಗಿರಲಿಲ್ಲ. ಇನ್ನೊಂದು 1998ರ ‘ಡ್ಯೂಕ್ ನ್ಯೂಕೆಮ್’ ಪ್ರಕರಣ. ಆಟಗಾರರೇ ಹೊಸ ಹಂತಗಳನ್ನು ಕಟ್ಟಿಕೊಳ್ಳಲೆಂದು ಕಂಪನಿ ಒಂದು ಸಲಕರಣೆ ಕೊಟ್ಟಿತ್ತು, ಪರಸ್ಪರ ಉಚಿತವಾಗಿ ಹಂಚಿಕೊಳ್ಳಿ ಎಂದಿತ್ತು. ಮೈಕ್ರೊ ಸ್ಟಾರ್ ಎಂಬ ಸಂಸ್ಥೆ ಅಂಥ 300 ಹಂತಗಳನ್ನು ಬಾಚಿ ಸೀಡಿ ಮಾಡಿ ಮಾರಿತು. ಆ ಕಡತಗಳಲ್ಲೂ ಚಿತ್ರವಿರಲಿಲ್ಲ. ಗೋಡೆ ಎಲ್ಲಿ, ಶತ್ರು ಎಲ್ಲಿ ಎಂಬ ಸೂಚನೆ ಮಾತ್ರ ಇತ್ತು. ಆದರೂ ಅದೇ ಒಂಬತ್ತನೇ ಸರ್ಕ್ಯೂಟ್ ಇದನ್ನು ಉಲ್ಲಂಘನೆ ಎಂದಿತು. ನ್ಯಾಯಮೂರ್ತಿ ಅಲೆಕ್ಸ್ ಕೊಝಿನ್‌ಸ್ಕಿ ಕಂಡದ್ದು ಇದನ್ನು: ಈ ಕಡತಗಳು ಡ್ಯೂಕ್‌ನ ಕಥೆಯ ಮುಂದಿನ ಭಾಗಗಳನ್ನು ಪೂರ್ತಿಯಾಗಿ, ವಿವರವಾಗಿ ವರ್ಣಿಸುತ್ತವೆ, ಕಥೆ ಮುಂದುವರಿಸುವ ಹಕ್ಕು ಕರ್ತೃವಿನದು. ನನಗೆ ಈ ತೀರ್ಪೂ ಸರಿಯೆನಿಸುತ್ತದೆ. ಇದ್ದ ಕಥೆಯಲ್ಲಿ ಒಂದು ಸಂಖ್ಯೆ ಬದಲಾಯಿಸುವುದೇ ಬೇರೆ, ಮುನ್ನೂರು ಅಧ್ಯಾಯ ಬರೆದು ಮಾರುವುದೇ ಬೇರೆ.

ಇಲ್ಲಿಯವರೆಗೆ ಒಬ್ಬನೇ ಮನೆಯಲ್ಲಿ ಆಡುವ ಆಟದ ಮಾತಾಯಿತು. ಎದುರಿಗೆ ಇನ್ನೊಬ್ಬ ಮನುಷ್ಯ ಕೂತರೆ ನ್ಯಾಯದ ಬಣ್ಣ ಬದಲಾಗುತ್ತದೆ.

2018ರ ಅಕ್ಟೋಬರಿನಲ್ಲಿ ಶಾಂಘೈನಲ್ಲಿ ‘ಕೌಂಟರ್ ಸ್ಟ್ರೈಕ್’ ಆಟದ ಏಷ್ಯಾ ಮಟ್ಟದ ಪಂದ್ಯಾವಳಿ ನಡೆಯಿತು. ಆಪ್ಟಿಕ್ ಇಂಡಿಯಾ ಎಂಬ ಭಾರತೀಯ ತಂಡ ಆಡುತ್ತಿತ್ತು. ಪಂದ್ಯದ ನಡುವೆ ಒಬ್ಬ ಆಟಗಾರನ ಕಂಪ್ಯೂಟರಿನಲ್ಲಿ ಗುರಿಯನ್ನು ತಾನಾಗಿ ಸರಿಪಡಿಸುವ ತಂತ್ರಾಂಶ ಸಿಕ್ಕಿತು. ಕಡತಕ್ಕೆ ಇಟ್ಟಿದ್ದ ಹೆಸರು ‘ವರ್ಡ್’. ಪತ್ರ ಬರೆಯುವ ಸಾಫ್ಟ್‌ವೇರಿನ ವೇಷ. ತಂಡ ಪಂದ್ಯಾವಳಿಯಿಂದ ಹೊರಬಿತ್ತು. ಆಪ್ಟಿಕ್ ಸಂಸ್ಥೆ ಭಾರತದ ತಂಡವನ್ನೇ ಮುಚ್ಚಿತು. ಏನೂ ಮಾಡದ ಜೊತೆಗಾರರು ನಾಲ್ವರೂ ಕೆಲಸ ಕಳೆದುಕೊಂಡರು. ಆ ನಾಲ್ವರನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಆಟಗಾರನಿಗೆ ಐದು ವರ್ಷದ ನಿಷೇಧ ಬಂತು. ಗಮನಿಸಿ, ಇಷ್ಟೆಲ್ಲ ಆಗಲು ಕಾಪಿರೈಟ್ ಕಾಯಿದೆಯ ಒಂದು ಕಲಮೂ ಬೇಕಾಗಲಿಲ್ಲ. ಪಂದ್ಯಾವಳಿಯ ನಿಯಮವಿತ್ತು, ಶಿಸ್ತು ನೋಡುವ ಸಂಸ್ಥೆ ಇತ್ತು, ತಂಡದ ಕರಾರು ಇತ್ತು. ತಪ್ಪು ನಡೆದದ್ದು ಎದುರಾಳಿಗಳ ಮೇಲೆ, ಸಹ ಆಟಗಾರರ ಮೇಲೆ. ಆಟ ಬರೆದ ಕಂಪನಿಯ ಕೃತಿಯನ್ನು ಯಾರೂ ನಕಲು ಮಾಡಿರಲಿಲ್ಲ.

ಕಂಪನಿಗಳಿಗೆ ಮಾತ್ರ ಕಾಪಿರೈಟ್ ಹಿಡಿಯಲು ಹಗುರವಾದ ಆಯುಧ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟಕ್ಕೆ ಮೈಕೆಲ್ ಡಾನೆಲಿ ಎಂಬಾತ ಗ್ಲೈಡರ್ ಎಂಬ ತಂತ್ರಾಂಶ ಬರೆದಿದ್ದ. ಹಾಕಿಟ್ಟು ಮಲಗಿದರೆ ಅದೇ ನಿಮ್ಮ ಪರವಾಗಿ ರಾತ್ರಿಯಿಡೀ ಆಡಿ ಅಂಕ ಗಳಿಸುತ್ತದೆ. 2008ರ ಹೊತ್ತಿಗೆ 1,20,000 ಪ್ರತಿ ಮಾರಾಟವಾಗಿತ್ತು, ಆದಾಯ 35 ಲಕ್ಷ ಡಾಲರ್. ಬ್ಲಿಜರ್ಡ್ ಕಂಪನಿಯ ವಾದ ಚಾಣಾಕ್ಷವಾಗಿತ್ತು. ಆಟ ಆಡುವಾಗ ಅದರ ಪ್ರತಿ ಕಂಪ್ಯೂಟರಿನ ಸ್ಮರಣೆಗೆ ಬರುತ್ತದೆ. ಆ ಪ್ರತಿಗೆ ನಾವು ಕೊಟ್ಟ ಪರವಾನಗಿಯಲ್ಲಿ ಬಾಟ್, ಅಂದರೆ ತಾನಾಗಿ ಆಡುವ ತಂತ್ರಾಂಶ, ಬಳಸಬಾರದೆಂದಿದೆ. ಬಳಸಿದರೆ ಪರವಾನಗಿ ಹೋಯಿತು. ಹೋದಮೇಲೆ ಸ್ಮರಣೆಯಲ್ಲಿರುವ ಪ್ರತಿ ಕಳ್ಳಪ್ರತಿ. ಕೆಳ ನ್ಯಾಯಾಲಯ ಒಪ್ಪಿ 60 ಲಕ್ಷ ಡಾಲರಿಗೂ ಹೆಚ್ಚಿನ ಪರಿಹಾರ ವಿಧಿಸಿತು.

2010ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಈ ಸರಪಳಿಯನ್ನು ತುಂಡರಿಸಿತು. ಕರಾರಿನ ಯಾವುದೋ ಷರತ್ತು ಮುರಿದರೆ ಅದು ಕರಾರು ಭಂಗ. ನಕಲು ಮಾಡುವ, ಹಂಚುವ ಹಕ್ಕಿಗೆ ಆ ಷರತ್ತು ತಗುಲಿದರೆ ಮಾತ್ರ ಕೃತಿಸ್ವಾಮ್ಯದ ಭಂಗ. ಇಲ್ಲವಾದರೆ ಸಾಫ್ಟ್‌ವೇರ್ ಕಂಪನಿಗಳು ತಮಗೆ ಒಲ್ಲದ ಏನನ್ನಾದರೂ ಷರತ್ತಿನಲ್ಲಿ ಬರೆದು ಕಾಪಿರೈಟ್ ಅಪರಾಧವೆಂದು ಕರೆಯಬಹುದಲ್ಲ! ಇಷ್ಟು ಒಳ್ಳೆಯ ಮಾತು ಹೇಳಿದ ನ್ಯಾಯಾಲಯ ಇನ್ನೊಂದು ಕೈಯಲ್ಲಿ ಡಾನೆಲಿಯನ್ನು ಹಿಡಿದೇ ಹಿಡಿಯಿತು. ಆಟಕ್ಕೆ ವಾರ್ಡನ್ ಎಂಬ ಕಾವಲು ತಂತ್ರಾಂಶವಿತ್ತು, ಗ್ಲೈಡರ್ ಅದರ ಕಣ್ಣು ತಪ್ಪಿಸುತ್ತಿತ್ತು. 1998ರ ಡಿಜಿಟಲ್ ಮಿಲೆನಿಯಂ ಕಾಪಿರೈಟ್ ಕಾಯಿದೆಯ ಪ್ರಕಾರ ಇಂಥ ಬೀಗ ತಪ್ಪಿಸುವ ಸಾಧನ ಮಾರುವುದೇ ತಪ್ಪು. ಒಳಗೆ ಹೋಗಿ ನಕಲು ಮಾಡಿದನೋ ಇಲ್ಲವೋ ಎಂಬುದು ಬೇಕಿಲ್ಲ. ಈ ಓದು ನನಗೆ ಒಪ್ಪಿಗೆಯಿಲ್ಲ. ಮುಂಬಾಗಿಲಿನಿಂದ ಕಳಿಸಿದ ವಾದವನ್ನು ಹಿತ್ತಿಲಿನಿಂದ ಒಳಕ್ಕೆ ಕರೆದ ಹಾಗಾಯಿತು.

ಮುಂದೆ ಕಂಪನಿಗಳು ಈ ಹಿತ್ತಿಲ ದಾರಿಯನ್ನೇ ಹೆಚ್ಚು ಬಳಸಿದವು. ‘ಡೆಸ್ಟಿನಿ 2’ ಆಟದ ಬಂಗಿ ಕಂಪನಿ ಎಯ್ಮ್‌ಜಂಕೀಸ್ ಎಂಬ ಚೀಟ್ ಮಾರಾಟಗಾರರ ಮೇಲೆ ಹೋರಾಡಿತು. ಬೀಗ ಮುರಿದ ಆರೋಪವನ್ನು ಕೇಳಿದ ಮಧ್ಯಸ್ಥಗಾರರು 40 ಲಕ್ಷ ಡಾಲರಿಗೂ ಹೆಚ್ಚು ಕೊಡಿಸಿದರು. ನಕಲು ಮಾಡಿದ ಆರೋಪವನ್ನು 2024ರ ಮೇ ತಿಂಗಳಲ್ಲಿ ಸಿಯಾಟಲ್‌ನ ಜ್ಯೂರಿ ಕೇಳಿ, ತಪ್ಪು ಹೌದೆಂದು ಹೇಳಿ, ಕೊಡಿಸಿದ್ದು 63,210 ಡಾಲರ್. ಎರಡು ಮೊತ್ತಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಕಂಪನಿಗಳ ವಕೀಲರು ಯಾವ ಬಾಗಿಲು ತಟ್ಟುತ್ತಾರೆ ಎಂಬುದು ತಿಳಿಯುತ್ತದೆ.

ಮಕ್ಕಳ ತಂದೆತಾಯಿಗಳು ತಿಳಿದಿರಲೇಬೇಕಾದ ಪ್ರಕರಣ 2017ರದು. ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ ‘ಫೋರ್ಟ್‌ನೈಟ್’ ಆಟದ ಎಪಿಕ್ ಗೇಮ್ಸ್ ಹದಿನಾಲ್ಕು ವರ್ಷದ ಹುಡುಗನ ಮೇಲೆ ದಾವೆ ಹೂಡಿತು. ಅವನು ಚೀಟ್ ಬಳಸುವುದನ್ನು ತೋರಿಸುವ ವಿಡಿಯೊವನ್ನು ಯೂಟ್ಯೂಬಿಗೆ ಹಾಕಿದ್ದ. ಕಂಪನಿ ದೂರು ಕೊಟ್ಟು ತೆಗೆಸಿತು. ಹುಡುಗ ಸುಮ್ಮನಿರದೆ ಪ್ರತಿದೂರು ಕೊಟ್ಟ. ಅಲ್ಲಿನ ಕಾನೂನಿನಲ್ಲಿ ಪ್ರತಿದೂರು ಬಂದ ಮೇಲೆ ಕಂಪನಿಗೆ ಎರಡೇ ದಾರಿ: ಕೆಲವೇ ದಿನಗಳಲ್ಲಿ ಕೋರ್ಟಿಗೆ ಹೋಗಬೇಕು, ಇಲ್ಲವೇ ವಿಡಿಯೊ ಮರಳುವುದನ್ನು ನೋಡುತ್ತ ಕೂರಬೇಕು. ಎಪಿಕ್ ಕೋರ್ಟಿಗೆ ಹೋಯಿತು. ಹುಡುಗನ ತಾಯಿ ನ್ಯಾಯಾಲಯಕ್ಕೆ ಪತ್ರ ಬರೆದರು. ಮಗ ಅಪ್ರಾಪ್ತ, ಆಟದ ಕರಾರಿಗೆ ಹೆತ್ತವರ ಒಪ್ಪಿಗೆ ಪಡೆದಿಲ್ಲ, ಹಾಗಿರುವಾಗ ಕರಾರು ಅವನನ್ನು ಕಟ್ಟಿಹಾಕುವುದು ಹೇಗೆ ಎಂದು ಕೇಳಿದರು. ವಕೀಲರ ನೆರವಿಲ್ಲದೆ ಒಬ್ಬ ತಾಯಿ ಎತ್ತಿದ ಆ ಪ್ರಶ್ನೆ ಭಾರತದಲ್ಲಾದರೆ ಇನ್ನೂ ಬಲವಾಗಿ ನಿಲ್ಲುತ್ತಿತ್ತು. 1903ರಲ್ಲೇ ಪ್ರಿವಿ ಕೌನ್ಸಿಲ್ ಮೊಹೊರಿ ಬೀಬಿ ಪ್ರಕರಣದಲ್ಲಿ ಅಪ್ರಾಪ್ತನ ಕರಾರು ಹುಟ್ಟಿನಿಂದಲೇ ಅನೂರ್ಜಿತ ಎಂದಿತು, ಇಂದಿಗೂ ನಮ್ಮಲ್ಲಿ ಅದೇ ನಿಯಮ. ‘ಒಪ್ಪಿದೆ’ ಎಂಬ ಗುಂಡಿ ಒತ್ತಿದ ಮಾತ್ರಕ್ಕೆ ಹದಿನಾಲ್ಕರ ಹುಡುಗ ಕರಾರಿಗೆ ಸಿಕ್ಕಿಬೀಳುವುದಿಲ್ಲ. ಆದರೆ ಕೃತಿಸ್ವಾಮ್ಯ ಕರಾರಿನಿಂದ ಹುಟ್ಟಿದ್ದಲ್ಲ. ವಿಡಿಯೊದಲ್ಲಿ ಆಟದ ಚಿತ್ರ, ಸಂಗೀತ, ಕಥೆಯ ದೃಶ್ಯಗಳಿದ್ದರೆ ಆ ಪ್ರಶ್ನೆ ವಯಸ್ಸನ್ನು ನೋಡುವುದಿಲ್ಲ.

ರಾಣೆಬೆನ್ನೂರಿನಿಂದ ಬಂದಿದ್ದ ಒಬ್ಬ ಕಾಲೇಜು ಹುಡುಗನ ವಿಷಯವೂ ಹೀಗೇ ಇತ್ತು. ಹಳೆಯ ಆಟವೊಂದರ ಕೋಡುಗಳನ್ನು ಕನ್ನಡದಲ್ಲಿ ವಿವರಿಸುವ ವಿಡಿಯೊ, ಅವನ ದನಿ ಸೊಗಸಾಗಿತ್ತು. ಕೋಡು ಹೇಳಿದ್ದಕ್ಕೇ ನೋಟಿಸು ಬಂದಿದೆ ಎಂದು ಅವನು ತಿಳಿದಿದ್ದ. ನೋಟಿಸನ್ನು ಪೂರ್ತಿ ಓದಿದಾಗ ದೂರು ಇದ್ದದ್ದು ಹಿನ್ನೆಲೆಯ ಹಾಡಿನ ಮೇಲೆ. ಹಾಡು ತೆಗೆದು, ಕೋಡುಗಳನ್ನು ಅಕ್ಷರದಲ್ಲಿ ತೋರಿಸಿ ಮತ್ತೆ ಹಾಕಿದ, ತಕರಾರು ಬರಲಿಲ್ಲ. ನೋಟಿಸಿನ ಮೊದಲ ಸಾಲಿಗೇ ಹೆದರದೆ ಕೊನೆಯವರೆಗೆ ಓದಿ ಎಂದು ನಾನು ಎಲ್ಲರನ್ನೂ ಬೇಡಿಕೊಳ್ಳುತ್ತೇನೆ. ನಮ್ಮ ಕಾಯಿದೆಯ 52ನೇ ಕಲಮಿನಲ್ಲಿ ಒಂದು ರಕ್ಷಣೆಯೂ ಇದೆ: ದೂರು ಬಂದರೆ ಜಾಲತಾಣ 21 ದಿನ ಆ ವಸ್ತುವನ್ನು ತಡೆಹಿಡಿಯಬೇಕು, ಅಷ್ಟರೊಳಗೆ ದೂರುದಾರ ನ್ಯಾಯಾಲಯದ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು.

ಯುರೋಪು ಈಚೆಗೆ ತನ್ನ ಉತ್ತರ ಕೊಟ್ಟಿದೆ. ಸೋನಿ ಕಂಪನಿ ಡೇಟೆಲ್ ಎಂಬ ಬ್ರಿಟಿಷ್ ತಯಾರಕರ ಮೇಲೆ ಜರ್ಮನಿಯ ಹ್ಯಾಂಬರ್ಗಿನಲ್ಲಿ ಹೂಡಿದ್ದ ದಾವೆ ಅದು. ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿ ಯಂತ್ರದಲ್ಲಿ ‘ಮೋಟರ್‌ಸ್ಟಾರ್ಮ್’ ಎಂಬ ಗಾಡಿ ಓಟದ ಆಟ. ಡೇಟೆಲ್‌ನ ‘ಆ್ಯಕ್ಷನ್ ರಿಪ್ಲೇ’ ಹಾಕಿದರೆ ಟರ್ಬೊ ವೇಗಕ್ಕೆ ಮಿತಿಯಿಲ್ಲ, ಅಂಕ ಗಳಿಸಿದ ಮೇಲೆ ಸಿಗಬೇಕಾದ ಚಾಲಕರು ಮೊದಲೇ ಸಿಗುತ್ತಾರೆ. ಅದು ಆಟದ ಕೋಡನ್ನು ಮುಟ್ಟುತ್ತಿರಲಿಲ್ಲ. ಆಟ ನಡೆಯುವಾಗ ಸ್ಮರಣೆಯಲ್ಲಿ ಬರೆದುಕೊಳ್ಳುವ ಬದಲಾಗುವ ಸಂಖ್ಯೆಗಳನ್ನು ಮಾತ್ರ ತಿದ್ದುತ್ತಿತ್ತು. ಯುರೋಪಿಯನ್ ಒಕ್ಕೂಟದ ನ್ಯಾಯಾಲಯಕ್ಕೆ ಸಲಹೆ ಕೊಡುವ ಅಡ್ವೊಕೇಟ್ ಜನರಲ್ ಮಾಚೆಯ್ ಶ್ಪುನಾರ್ ಹೇಳಿದ ಮಾತು ಓದುಗರಿಗೆ ಹಿಡಿಸೀತು: ಪತ್ತೇದಾರಿ ಕಾದಂಬರಿಯ ಓದುಗ ಕೊನೆಯ ಪುಟಕ್ಕೆ ಹಾರಿ ಕೊಲೆಗಾರ ಯಾರೆಂದು ನೋಡಿಬಿಟ್ಟರೆ ಲೇಖಕ ತಡೆಯಲಾರ, ಅವನ ಶ್ರಮವೆಲ್ಲ ಹಾಳಾದರೂ ಸರಿ. 2024ರ ಅಕ್ಟೋಬರ್ 17ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಅದೇ ದಿಕ್ಕಿನಲ್ಲಿ ತೀರ್ಪು ಕೊಟ್ಟಿತು. ಮರುವರ್ಷ ಜುಲೈನಲ್ಲಿ ಜರ್ಮನಿಯ ಉನ್ನತ ನ್ಯಾಯಾಲಯದಲ್ಲೂ ಸೋನಿ ಸೋತಿತು. ಮಾರಿಯೊ ಪ್ರಕರಣ ಮುಗಿದು ಮೂವತ್ತು ವರ್ಷಗಳ ಮೇಲೆ, ಇನ್ನೊಂದು ಖಂಡದಲ್ಲಿ, ಬೇರೆ ದಾರಿಯಿಂದ ಬಂದು ಸೇರಿದ ಅದೇ ಊರು.

ಜಪಾನ್ ಮಾತ್ರ ಬೇರೆ ಕಡೆ ತಿರುಗಿತು. ‘ತೊಕಿಮೆಕಿ ಮೆಮೊರಿಯಲ್’ ಎಂಬ ಪ್ರೇಮಕಥೆಯ ಆಟದಲ್ಲಿ ನಾಯಕ ಓದಿ, ಬೆವರು ಸುರಿಸಿ ಗುಣ ಬೆಳೆಸಿಕೊಳ್ಳಬೇಕು. ಆರಂಭದಲ್ಲೇ ಎಲ್ಲ ಗುಣ ತುಂಬಿದ ಮೆಮೊರಿ ಕಾರ್ಡನ್ನು ಮಾರಿದವರು ಕರ್ತೃವಿನ ನೈತಿಕ ಹಕ್ಕನ್ನು, ಅಂದರೆ ಕೃತಿಯನ್ನು ವಿರೂಪಗೊಳಿಸದಂತೆ ಕಾಯುವ ಹಕ್ಕನ್ನು ಮುರಿದರು ಎಂದು 2001ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. ಕಥೆಯ ಹರಿವೇ ಬದಲಾಯಿತು ಎಂಬುದು ಕಾರಣ. ಕಥೆ ಬರೆಯುವವರ ನೋವು ನನಗೆ ಅರ್ಥವಾಗುತ್ತದೆ. ಆದರೂ ಓದುಗನ ಮನೆಯೊಳಗೆ ಕರ್ತೃ ಬಂದು ಕೂರುವುದು ನನಗೆ ಬೇಡ.

ಭಾರತದ ಕಾಯಿದೆ ಈ ಎರಡರ ನಡುವೆ ಎಲ್ಲಿ ನಿಲ್ಲುತ್ತದೆ? 1984ರ ತಿದ್ದುಪಡಿಯಿಂದ ಕಂಪ್ಯೂಟರ್ ಪ್ರೋಗ್ರಾಂ ನಮ್ಮಲ್ಲಿ ಸಾಹಿತ್ಯ ಕೃತಿಯೆಂದೇ ಲೆಕ್ಕ. ರೂಪಾಂತರದ ವ್ಯಾಖ್ಯೆ ಅಗಲವಾಗಿದೆ. ಕೃತಿಯನ್ನು ಮರುಜೋಡಿಸುವ ಅಥವಾ ಬದಲಾಯಿಸುವ ಯಾವುದೇ ಬಳಕೆ ಅದರೊಳಗೆ ಬರಬಹುದು. ಕಂಪನಿಯ ಪರ ವಕೀಲರು ಹಿಡಿಯುವ ಕೊಂಬೆ ಅದೇ. ನಾನು ಎದುರು ನಿಂತರೆ 52ನೇ ಕಲಮನ್ನು ಹಿಡಿಯುತ್ತೇನೆ. ಕಾನೂನುಬದ್ಧವಾಗಿ ಪ್ರೋಗ್ರಾಂ ಹೊಂದಿದವನು ಅದನ್ನು ಕೊಟ್ಟ ಉದ್ದೇಶಕ್ಕೆ ಬಳಸಲು ಪ್ರತಿಯನ್ನೂ ರೂಪಾಂತರವನ್ನೂ ಮಾಡಿಕೊಳ್ಳಬಹುದು. ಅದು ಹೇಗೆ ಕೆಲಸ ಮಾಡುತ್ತದೆಂದು ಗಮನಿಸಿ, ಪರೀಕ್ಷಿಸಿ ಅದರ ಹಿಂದಿನ ತತ್ವವನ್ನು ತಿಳಿಯಬಹುದು. ಆರು ಅಕ್ಷರದ ಕೋಡನ್ನು ಕಂಡುಹಿಡಿಯುವುದು ಎಂದರೆ ಇದೇ ಅಲ್ಲವೇ? ಕರ್ತೃವಿನ ನೈತಿಕ ಹಕ್ಕನ್ನು ಹೇಳುವ 57ನೇ ಕಲಮು ಕೂಡ ಇಂಥ ರೂಪಾಂತರವನ್ನು ತನ್ನ ಹಿಡಿತದಿಂದ ಬಿಟ್ಟಿದೆ.

2012ರಲ್ಲಿ ಸೇರಿದ 65ಎ ಕಲಮು ನಮ್ಮ ಬೀಗದ ಕಾನೂನು. ಎರಡು ವರ್ಷದವರೆಗೆ ಜೈಲು, ದಂಡ. ಅಮೆರಿಕದ ಕಾಯಿದೆಯಲ್ಲಿಲ್ಲದ ಒಂದು ಷರತ್ತು ಇದರಲ್ಲಿದೆ: ಬೀಗ ಮುರಿದವನಿಗೆ ಕೃತಿಸ್ವಾಮ್ಯ ಉಲ್ಲಂಘಿಸುವ ಉದ್ದೇಶ ಇರಬೇಕು. ಈ ಷರತ್ತನ್ನು ಬರೆದ ಸಂಸತ್ತಿಗೆ ನಾನು ಋಣಿ. ನಕಲಿ ಪ್ರತಿ ಮಾಡಲು ಬೀಗ ಮುರಿದವನನ್ನು ಅದು ಹಿಡಿಯುತ್ತದೆ, ಕುತೂಹಲದಿಂದ ಬಿಚ್ಚಿ ನೋಡಿದವನನ್ನು ಬಿಡುತ್ತದೆ. ಕಂಪನಿಯ ಸರ್ವರಿಗೇ ನುಗ್ಗಿದವನಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43 ಮತ್ತು 66ನೇ ಕಲಮುಗಳು ಬೇರೆಯೇ ಇವೆ. ಆಟದ ನಕಲಿ ಪ್ರತಿಗೆ ಹ್ಯಾಕ್ ಸೇರಿಸಿ ಹಂಚುವವನಿಗೆ ಕೃತಿಸ್ವಾಮ್ಯ ಕಾಯಿದೆಯ 63ನೇ ಕಲಮಿದೆ, ಆರು ತಿಂಗಳಿಂದ ಮೂರು ವರ್ಷ. ‘ಹ್ಯಾಕ್ ಮಾಡಿದ’ ಎಪಿಕೆ ಕಡತ ಎಂದು ಗ್ರೂಪುಗಳಲ್ಲಿ ಓಡಾಡುವುದು ಬಹುಪಾಲು ಇಂಥ ತಿದ್ದಿದ ಪೂರ್ಣ ಪ್ರತಿಯೇ. ಅದನ್ನು ಮುಂದಕ್ಕೆ ಕಳಿಸಿದವನು ಕೋಡು ಹೇಳಿದವನಲ್ಲ, ಪ್ರತಿ ಹಂಚಿದವನು. ಅಷ್ಟೇ ಅಲ್ಲ, ಎಸ್ಸೆಮ್ಮೆಸ್ ಓದುವ ಅನುಮತಿ ಕೇಳುವ ಅಂಥ ಕಡತ ಅಪ್ಪನ ಬ್ಯಾಂಕ್ ಖಾತೆ ಇರುವ ಮೊಬೈಲಿಗೆ ಇಳಿದರೆ ಹೋಗುವುದು ಆಟದ ಜೀವವಲ್ಲ, ಮನೆಯ ಹಣ.

ಆನ್‌ಲೈನ್ ಆಟದಲ್ಲಿ ಮೋಸದ ತಂತ್ರಾಂಶ ಮಾರಿ ದುಡ್ಡು ಮಾಡುವವರನ್ನು ಹಿಡಿಯಲು ಹೊಸ ಕಾನೂನು ಬೇಕು ಎನ್ನುವವರ ಮಾತಿನಲ್ಲಿ ಹುರುಳಿದೆ. ದಕ್ಷಿಣ ಕೊರಿಯಾ 2016ರ ಕೊನೆಯಲ್ಲಿ ಅಂಥದ್ದನ್ನು ಮಾಡಿತು. ಕಾಪಿರೈಟ್ ಕಾಯಿದೆಯೊಳಗೆ ಅಲ್ಲ, ಆಟದ ಉದ್ಯಮದ ಕಾಯಿದೆಯೊಳಗೆ. ನಮ್ಮಲ್ಲೂ ಬರುವುದಾದರೆ ಹಾಗೆಯೇ ಬರಲಿ. ಆಟ ಹತ್ತು ಜನ ಸೇರಿ ಆಡುವಂಥದ್ದೇ, ಆರೋಪಿ ಹಣಕ್ಕೆ ಮಾರಿದನೇ, ಅದರಿಂದ ಬೇರೆ ಆಟಗಾರರಿಗೆ ನಷ್ಟವಾಯಿತೇ ಎಂದು ಅದು ಕೇಳಲಿ. ಕೃತಿಸ್ವಾಮ್ಯ ಕಾಯಿದೆ ನಕಲನ್ನು ಹಿಡಿಯುವ ತನ್ನ ಕೆಲಸ ಮಾಡಿಕೊಂಡಿರಲಿ, 65ಎ ಕಲಮಿನಲ್ಲಿರುವ ‘ಉದ್ದೇಶ’ವನ್ನು ಯಾರೂ ಮುಟ್ಟದಿರಲಿ.